ಡಿಸೆಂಬರಿಗೆ ಮುಗಿಯುವ ಹುದ್ದೆ

ಸುದ್ದಿ ಬಂದ ಹೊತ್ತಿನಲ್ಲಿ ನಾನು ಆಫೀಸಿನ ದೊಡ್ಡ ಪ್ರಿಂಟರಿನ ಮುಚ್ಚಳ ತೆಗೆದು, ರೋಲರಿಗೆ ಸುತ್ತಿಕೊಂಡಿದ್ದ ಕಾಗದದ ಚೂರುಗಳನ್ನು ಬೆರಳಿನಿಂದ ಎಳೆಯುತ್ತಿದ್ದೆ. ಸಿಬ್ಬಂದಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಮಲಯ ಹೆಂಗಸು ಹಿಂದೆ ಬಂದು ನಿಂತರು. ಅವರನ್ನು ನಾವೆಲ್ಲ ‘ಕಾಕ್’ ಎನ್ನುತ್ತಿದ್ದೆವು, ನಮ್ಮಲ್ಲಿ ಅಕ್ಕ ಅಂದಂತೆ.

“ಕೈ ತೊಳ್ಕೊಂಡು ಬಾ. ಕೂತು ಮಾತಾಡ್ಬೇಕು,” ಅಂದರು.

ಅವರು ಯಾವತ್ತೂ ಹಾಗೆ ಕರೆದವರಲ್ಲ. ಏನು ಹೇಳುವುದಿದ್ದರೂ ತಮ್ಮ ಮೇಜಿನಿಂದಲೇ ಕೂಗಿ ಹೇಳುವವರು. ಹೋಗಿ ಕೂತೆ. ನನ್ನ ಕೆಲಸದ ಪಾಸಿನ ನವೀಕರಣ ಆಗಲಿಲ್ಲ ಅಂದರು. ವಲಸೆ ಇಲಾಖೆಯವರು ಕೊಟ್ಟ ಕಾರಣ ಒಂದೇ ಸಾಲಿನದು: ಈ ಹುದ್ದೆಗೆ ಸ್ಥಳೀಯರು ಸಿಗುತ್ತಾರೆ.

ನನ್ನ ಹುದ್ದೆಯ ಹೆಸರು ‘ಕಂಪ್ಯೂಟರ್ ಅಸಿಸ್ಟೆಂಟ್’ ಎಂದಿತ್ತು. ದಾವಣಗೆರೆಯಿಂದ ನಾನು ಮಲೇಷ್ಯಾಕ್ಕೆ ಬಂದಾಗ ಆ ಹೆಸರಿಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಕ್ಲಾಂಗ್ ಬಂದರಿನಲ್ಲಿ ಆಗ ಹಡಗುಗಳು ಸಾಲು ಹಚ್ಚಿ ಕಾಯುತ್ತಿದ್ದವು. ನಮ್ಮದು ಕಂಟೇನರ್‌ಗಳನ್ನು ಕಸ್ಟಮ್ಸ್‌ನಿಂದ ಬಿಡಿಸಿ, ಲಾರಿಗೇರಿಸಿ, ಗಿರಾಕಿಯ ಗೋದಾಮಿಗೆ ಮುಟ್ಟಿಸುವ ಫಾರ್ವರ್ಡಿಂಗ್ ಕಂಪನಿ. ಕಂಪ್ಯೂಟರ್ ಗೊತ್ತಿದ್ದವನೊಬ್ಬ ಬೇಕಿತ್ತು, ನಾನು ಸಿಕ್ಕೆ, ಅಷ್ಟೇ. ಆಮೇಲೆ ಹಣದ ಬೆಲೆ ಕುಸಿಯಿತು. ಕೌಲಾಲಂಪುರದ ಅರ್ಧ ಎದ್ದ ಕಟ್ಟಡಗಳ ಮೇಲೆ ಕ್ರೇನುಗಳು ಅಲುಗಾಡದೆ ನಿಂತುಬಿಟ್ಟವು. ಅಕ್ಕಪಕ್ಕದ ಆಫೀಸುಗಳಲ್ಲಿ ಊರಿನ ಹುಡುಗರನ್ನೇ ಮನೆಗೆ ಕಳಿಸುತ್ತಿರುವಾಗ ಪರದೇಶದ ಅಸಿಸ್ಟೆಂಟ್ ಯಾಕೆ ಅಂತ ಸರ್ಕಾರ ಕೇಳಿದರೆ ತಪ್ಪೇನಿತ್ತು? ನಾನು ಆ ಮೇಜಿನ ಆಚೆ ಕೂತಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

“ಇನ್ನೊಂದು ಸಲ ಅರ್ಜಿ ಹಾಕಬಹುದು. ಅದೇ ಕೊನೆ,” ಅಂದರು ಕಾಕ್. “ಆದರೆ ಇದೇ ಹೆಸರಿನಲ್ಲಿ ಹಾಕಿದರೆ ಇದೇ ಉತ್ತರ ಬರುತ್ತೆ. ಹೆಸರು ಬದಲಾಯಿಸು. ನೀನು ಇಲ್ಲಿ ಏನು ಕೆಲಸ ಮಾಡ್ತೀಯ, ಅದನ್ನು ಸರಿಯಾಗಿ ಹೇಳು.”

ಅದು ತೊಂಬತ್ತೊಂಬತ್ತರ ಫೆಬ್ರವರಿ. ಪಾಸ್ ಮಾರ್ಚ್ ಕೊನೆಗೆ ಮುಗಿಯುವುದಿತ್ತು. ನನ್ನ ಹೆಂಡತಿ ಐದು ತಿಂಗಳ ಬಸುರಿ.

ಅವಳ ಸ್ಥಿತಿ ಹೇಳದಿದ್ದರೆ ಆ ದಿನಗಳ ನನ್ನ ಭಯ ಯಾರಿಗೂ ಅರ್ಥವಾಗುವುದಿಲ್ಲ. ಅದಕ್ಕೆ ಮುಂಚೆ ಎರಡು ಸಲ ಗರ್ಭ ಇಳಿದುಹೋಗಿತ್ತು. ಈ ಸಲ ಅವಳನ್ನು ನೋಡುತ್ತಿದ್ದವರು ಉಡುಪಿ ಕಡೆಯ ಒಬ್ಬ ಡಾಕ್ಟರಮ್ಮ. ಮಲೇಷ್ಯಾದ ಮೆಡಿಕಲ್ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದರು. ಗರ್ಭದ ಬಾಯಿಗೆ ಹೊಲಿಗೆ ಹಾಕಿ, ಹೆರಿಗೆಯವರೆಗೂ ಮಲಗಿಯೇ ಇರಬೇಕು ಅಂತ ಕಟ್ಟಪ್ಪಣೆ ಮಾಡಿದ್ದರು. ಆ ದಿನ ಆಫೀಸಿನಿಂದಲೇ ಅವರಿಗೆ ಫೋನ್ ಮಾಡಿ, ಒಂದು ವೇಳೆ ಊರಿಗೆ ಹೋಗಬೇಕಾಗಿ ಬಂದರೆ ಅಂತ ಮಾತು ತೆಗೆದೆ.

“ಎಂತ ಮಾತಾಡ್ತಿದ್ದೀರಿ ನೀವು?” ಅಂದರು. “ಅವಳನ್ನು ಕಾರಲ್ಲಿ ಕೂರಿಸಿ ಇಲ್ಲಿಗೆ ಕರ್ಕೊಂಡು ಬರ್ಲಿಕ್ಕೇ ನಂಗೆ ಹೆದರಿಕೆ. ವಿಮಾನದ ಹೆಸರು ಎತ್ತಬೇಡಿ ಮಾರಾಯ್ರೇ. ಈ ಮಗು ಬೇಕಾ ಬೇಡ್ವಾ ನಿಮಗೆ?”

ಬೇಕು ಅಂತ ಹೇಳಿ ಫೋನ್ ಇಟ್ಟೆ. ತೊಳೆದ ಮೇಲೂ ಕೈ ಪ್ರಿಂಟರಿನ ಮಸಿಯಿಂದ ಕಪ್ಪಾಗಿತ್ತು.

ಸಂಜೆ ಮನೆಗೆ ಹೋದಾಗ ಹೆಂಡತಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವಳು ಧಾರವಾಡದವಳು, ಮನಸ್ಸಿಗೆ ಬಂದದ್ದನ್ನು ಬಾಯಲ್ಲಿ ಹಿಡಿದಿಡುವವಳಲ್ಲ. ಅವಳಿಗೆ ಹೇಳಬಾರದು ಎಂದೇ ಬಂದಿದ್ದೆ. ತಿರುಗಿ ನನ್ನ ಮುಖ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. ಹೇಳಿದೆ. ಅವಳು ಮೇಲಿನ ಫ್ಯಾನು ನೋಡುತ್ತ ಕೇಳಿದಳು.

“ಅಲ್ರೀ, ನೀವು ಅಲ್ಲಿ ಮಾಡೂದರ ಏನು? ಒಂದ ಮಾತಿನ್ಯಾಗ ಹೇಳ್ರಿ ನೋಡೋಣ.”

ಹೇಳಲು ಹೊರಟೆ. ಬೆಳಿಗ್ಗೆ ಹೋದ ಕೂಡಲೇ ಸರ್ವರ್ ಶುರು ಮಾಡುತ್ತೇನೆ. ಬಿಲ್ಲಿನ ಪ್ರೋಗ್ರಾಮಿನಲ್ಲಿ ತಪ್ಪು ಬಂದರೆ ತಿದ್ದುತ್ತೇನೆ. ಕೇಬಲ್ಲು ಕಡಿದರೆ ಸೀಲಿಂಗಿನ ಹಲಗೆ ಸರಿಸಿ ಮೇಲೆ ಹತ್ತುತ್ತೇನೆ. ಫ್ಯಾಕ್ಸು ಕೆಟ್ಟರೂ ನನ್ನನ್ನೇ ಕರೆಯುತ್ತಾರೆ. ಹೊಸ ಗುಮಾಸ್ತೆಯರಿಗೆ ಟೈಪ್ ಮಾಡಲು ಕಲಿಸುತ್ತೇನೆ. ಕಸ್ಟಮ್ಸ್‌ನವರ ಕಂಪ್ಯೂಟರಿಗೆ ನಮ್ಮ ಕಾಗದಪತ್ರ ಫೋನ್ ಲೈನಿನ ಮೇಲೆ ಹೋಗಲಿಲ್ಲವಾದರೆ ಫ್ಲಾಪಿ ಹಿಡಿದು ಸ್ಕೂಟರಿನಲ್ಲಿ ಓಡುತ್ತೇನೆ. ಯಜಮಾನರ ಮಗಳ ಮನೆಯ ಕಂಪ್ಯೂಟರನ್ನೂ ನೋಡುತ್ತೇನೆ.

“ಇಷ್ಟೆಲ್ಲಾ ಮಾಡೂರಿಗೆ ನಮ್ಮ ಕಡೆ ಮನಿ ಆಳು ಅಂತಾರ,” ಅಂದಳು. ನಗಲಿಲ್ಲ. ನನಗೂ ನಗು ಬರಲಿಲ್ಲ. ಇಷ್ಟು ವರ್ಷ ಯಾವುದಕ್ಕೂ ಇಲ್ಲ ಎನ್ನದೆ ಮಾಡಿದ್ದೇ ನನ್ನ ಬಲ ಅಂದುಕೊಂಡಿದ್ದೆ. ಈಗ ನೋಡಿದರೆ ಆ ಕೆಲಸಗಳಲ್ಲಿ ಒಂದೊಂದನ್ನೂ ಬಿಡಿಸಿ ಇಟ್ಟರೆ, ಪ್ರತಿಯೊಂದಕ್ಕೂ ಊರಿನಲ್ಲೇ ಒಬ್ಬ ಹುಡುಗ ಸಿಗುತ್ತಿದ್ದ. ಎಲ್ಲವನ್ನೂ ಸೇರಿಸಿ ಮಾಡುವವನಿಗೆ ಮಾತ್ರ ಹೆಸರೇ ಇರಲಿಲ್ಲ.

ಮಾರನೆಯ ದಿನ ಕಾಕ್ ಮತ್ತು ನಾನು ‘ಸಿಸ್ಟಮ್ಸ್ ಅನಲಿಸ್ಟ್’ ಎಂದು ಇಟ್ಟು ನೋಡಿದೆವು. ಕೇಳಲು ತೂಕವಾಗಿತ್ತು. ಕಾಕ್ ಸುಮ್ಮನೆ ಅರ್ಜಿ ಹಾಕಿ ಕೂರುವವರಲ್ಲ. ಇಲಾಖೆಯ ಕೌಂಟರಿಗೆ ಹೋಗಿ, ಹೀಗೊಂದು ಅರ್ಜಿ ಬಂದರೆ ಹೇಗೆ ಅಂತ ವಿಚಾರಿಸಿಕೊಂಡು ಮಧ್ಯಾಹ್ನ ಬೆವರುತ್ತ ಬಂದರು. ಕೌಂಟರಿನಲ್ಲಿದ್ದ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದ್ದಳಂತೆ. ಅನಲಿಸ್ಟ್ ಅಂದರೆ ಕಂಪ್ಯೂಟರ್ ಪದವಿ ಬೇಕು. ನನ್ನದು ಭೌತಶಾಸ್ತ್ರದ ಬಿ.ಎಸ್ಸಿ., ಮೇಲೊಂದು ಸಂಜೆ ತರಗತಿಯ ಡಿಪ್ಲೊಮಾ. ಅಲ್ಲದೆ ಕೆಲಸ ಕಳೆದುಕೊಂಡ ಅನಲಿಸ್ಟರೇ ಊರು ತುಂಬ ಇದ್ದಾರೆ.

“ಎಂಜಿನಿಯರ್ ಅಂತ ಹಾಕಿದರೆ?”

“ಅದಕ್ಕೂ ಓದು ಕೇಳ್ತಾರೆ ಲಾ. ಟೆಕ್ನಿಶಿಯನ್ ಅಂದರೆ ಓದು ಕೇಳಲ್ಲ, ಆದರೆ ಪಾಸೇ ಕೊಡಲ್ಲ.” ಮಾತಿನ ಕೊನೆಗೆ ‘ಲಾ’ ಸೇರಿಸುವುದು ಅಲ್ಲಿ ಎಲ್ಲರ ರೂಢಿ. ಕಾಕ್ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ನನ್ನನ್ನೇ ನೋಡಿದರು. “ನಿನ್ನ ಹೆಂಡತಿ ಊಟ ಮಾಡ್ತಿದ್ದಾಳಾ?”

ಆ ವಾರ ನಾನು ಒಂದು ಹೆಸರಿನ ಹಿಂದೆ ಇನ್ನೊಂದು ಹೆಸರು ಯೋಚಿಸುತ್ತಲೇ ಇದ್ದೆ. ಬಸ್ಸಿನಲ್ಲಿ ಕೂತಾಗ, ಭಾರತೀಯರ ಪೇಟೆಯಾದ ಬ್ರಿಕ್‌ಫೀಲ್ಡ್ಸ್‌ನ ಅಂಗಡಿಯಲ್ಲಿ ಅವಳಿಗೆ ನುಗ್ಗೆಸೊಪ್ಪು ಆರಿಸುವಾಗ, ಅವಳ ಕಾಲಿಗೆ ಎಣ್ಣೆ ಹಚ್ಚುವಾಗ. ಅಂಗಡಿಯ ತಮಿಳಮ್ಮ ಎರಡು ಸಲ ಕೂಗಿದ ಮೇಲೆ, ಸೊಪ್ಪನ್ನು ಎದೆಗೆ ಒತ್ತಿಕೊಂಡು ದಾರಿಗೆ ಅಡ್ಡ ನಿಂತಿದ್ದೇನೆ ಅಂತ ತಿಳಿದದ್ದು. ಪೇಪರಿನಲ್ಲಿ ಬರುವ ಕೆಲಸದ ಜಾಹೀರಾತುಗಳನ್ನು ಓದಿ, ಅದರಲ್ಲಿನ ಹೆಸರುಗಳನ್ನು ನನ್ನ ಮೈಗೆ ಅಂಗಿಯ ಹಾಗೆ ಹಿಡಿದು ನೋಡುತ್ತಿದ್ದೆ. ಒಂದು ಬಿಗಿ, ಇನ್ನೊಂದು ಸಡಿಲ. ಸುಳ್ಳು ಹೇಳಲು ನಾನು ತಯಾರಿದ್ದೆ ಅಂತಲೇ ಹೇಳಬೇಕು. ಆದರೆ ಹಿಡಿಯುವಂಥ ಸುಳ್ಳೂ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ಯಜಮಾನರು ಕರೆಸಿದರು. ಅವರು ಅರವತ್ತು ದಾಟಿದ ಚೀನೀ ಮನುಷ್ಯ. ಎಲ್ಲರಿಗೂ ಅವರು ‘ತೌಕೆ’. ಅಲ್ಲಿ ಧಣಿಗೆ ಹಾಗೆನ್ನುತ್ತಾರೆ. ಬಂದರಿನಲ್ಲಿ ಮೂಟೆ ಲೆಕ್ಕ ಹಾಕುವ ಗುಮಾಸ್ತನಾಗಿ ಶುರು ಮಾಡಿ ಕಂಪನಿ ಕಟ್ಟಿದವರು. ಸುತ್ತಿ ಬಳಸಿ ಮಾತಾಡುವುದು ಅವರಿಗೆ ಬರುತ್ತಿರಲಿಲ್ಲ.

“ಮ್ಯಾನೇಜರ್ ಅಂತ ಹಾಕು,” ಅಂದರು. “ಮ್ಯಾನೇಜರ್‌ಗೆ ಯಾರೂ ಓದು ಕೇಳಲ್ಲ, ಅನುಭವ ಕೇಳ್ತಾರೆ. ಅದು ನಿನಗಿದೆ.”

“ಕಂಪ್ಯೂಟರ್ ವಿಭಾಗಕ್ಕೆ ಮ್ಯಾನೇಜರ್ ಇದ್ದಾರಲ್ಲ, ಸರ್.”

“ಇಬ್ಬರೇ ಇರೋ ವಿಭಾಗಕ್ಕೆ ಇಬ್ಬರು ಮ್ಯಾನೇಜರ್ ಆಗಲ್ಲ ಲಾ. ಅವನನ್ನು ಗೋದಾಮಿಗೆ ಹಾಕ್ತೀನಿ. ಸಂಬಳ ಈಗ ಅದೇ ಇರಲಿ. ಆಮೇಲೆ ನೋಡೋಣ. ಯೋಚನೆ ಮಾಡಿ ಹೇಳು.”

ಆ ‘ಆಮೇಲೆ ನೋಡೋಣ’ ಎಂಬ ಮಾತು ಏನು ಅಂತ ಆ ವರ್ಷ ಎಲ್ಲರಿಗೂ ಗೊತ್ತಿತ್ತು. ಗೋದಾಮಿಗೆ ಹೋದ ಆಫೀಸಿನವರು ಮತ್ತೆ ಮೇಲೆ ಬಂದದ್ದನ್ನು ನಾನು ನೋಡಿರಲಿಲ್ಲ.

ಆ ಮ್ಯಾನೇಜರು ಕ್ಲಾಂಗ್‌ನಲ್ಲೇ ಹುಟ್ಟಿ ಬೆಳೆದ ತಮಿಳರು. ಟೆಲೆಕ್ಸ್ ಆಪರೇಟರ್ ಆಗಿ ಸೇರಿ, ಕಂಪ್ಯೂಟರ್ ಬಂದಾಗ ತಾವಾಗಿಯೇ ಪುಸ್ತಕ ಓದಿ ಕಲಿತು, ಕಂಪನಿಯ ಮೊದಲ ಪ್ರೋಗ್ರಾಮುಗಳನ್ನು ಬರೆದವರು. ನನ್ನನ್ನು ಕೆಲಸಕ್ಕೆ ಆರಿಸಿದವರು ಅವರೇ. ಬಂದ ಹೊಸತರಲ್ಲಿ ಮನೆ ಸಿಗುವ ತನಕ ಅವರ ಹಾಲಿನಲ್ಲಿ ಮಲಗಿದ್ದೆ. ಹೆಂಡತಿ ಹಾಸಿಗೆ ಹಿಡಿದ ಮೇಲೆ ಅವರ ಮನೆಯಿಂದ ವಾರಕ್ಕೆ ಎರಡು ಮೂರು ಸಲ ರಸಂ, ಕೂಟು ಬರುತ್ತಿತ್ತು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ತಂಬಿ ಎನ್ನುತ್ತಿದ್ದರು.

ತೌಕೆ ಅವರಿಗೂ ಹೇಳಿಬಿಟ್ಟಿದ್ದರು. ಸಂಜೆ ಆಫೀಸು ಬಿಟ್ಟ ಮೇಲೆ ಅವರೇ ನನ್ನನ್ನು ರಸ್ತೆ ಆಚೆಯ ಮಾಮಕ್ ಅಂಗಡಿಗೆ, ಅಂದರೆ ತಮಿಳು ಮುಸ್ಲಿಮರ ಹೋಟೆಲಿಗೆ, ಕರೆದುಕೊಂಡು ಹೋಗಿ ಚಹಾ ಹೇಳಿದರು. ಚಹಾ ಬಂತು. ಇಬ್ಬರೂ ಕುಡಿಯಲಿಲ್ಲ.

“ತಂಬಿ, ತಗೋ ಅಂತಾನೂ ನಾನು ಹೇಳಲ್ಲ, ತಗೋಬೇಡ ಅಂತಾನೂ ಹೇಳಲ್ಲ,” ಅಂದರು. “ನನಗೆ ಕಾಲೇಜಿಗೆ ಹೋಗೋ ಮಗಳಿದ್ದಾಳೆ. ನಿನಗೆ ಹೊಟ್ಟೆಯಲ್ಲಿರೋ ಮಗು. ನಾನು ನಿನ್ನ ಜಾಗದಲ್ಲಿದ್ದರೆ ಏನು ಮಾಡ್ತಿದ್ದೆ ಅಂತ ನನಗೆ ಗೊತ್ತಿಲ್ಲ.”

“ಅಣ್ಣ, ನಾನು ಕೇಳಿದ್ದಲ್ಲ ಇದು.”

“ಗೊತ್ತು.” ಅವರು ಲೋಟವನ್ನು ಮೇಜಿನ ಮೇಲೆ ಸುಮ್ಮನೆ ತಿರುಗಿಸುತ್ತಿದ್ದರು. “ನೀನು ತಗೊಂಡರೂ ನಾನು ನಿನ್ನ ಹತ್ತಿರ ಮಾತಾಡೋದು ಬಿಡಲ್ಲ. ನನ್ನ ಹೆಂಡತಿ ಬಿಡ್ತಾಳೆ. ಅದನ್ನ ನೀನು ತಿಳ್ಕೊಂಡಿರಬೇಕು.”

ಮನೆಗೆ ಬಂದು ಎಲ್ಲವನ್ನೂ ಹೆಂಡತಿಗೆ ಹೇಳಿದೆ. ಅವರ ಮನೆಯ ಸ್ಟೀಲ್ ಡಬ್ಬಿ ತೊಳೆದು ಬೋರಲಾಗಿಟ್ಟದ್ದು ಅಡುಗೆ ಕಟ್ಟೆಯ ಮೇಲೆ ಕಾಣುತ್ತಿತ್ತು. ಅವಳು ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಅವಳು ಬೇಡ ಅಂದರೆ ಆಗ ನಾನು ಬೇಕು ಅಂತ ವಾದಿಸಬಹುದು ಅಂತ ಕಾದಿದ್ದೆ.

“ತಗೋರಿ,” ಅಂದಳು.

ನಾನು ಬೋರಲಾಗಿಟ್ಟ ಆ ಡಬ್ಬಿಯ ಕಡೆ ತಿರುಗಿದೆ.

“ತಗೋರಿ ಅಂದೆ. ಯಾರ ಕುರ್ಚಿ ಹೋದರ ನನಗೇನು? ಎರಡು ಕೂಸು ಹೋದುವು, ಯಾರು ಬಂದು ತಿರುಗಿ ಕೊಟ್ಟರು ನನಗ? ಕೆಟ್ಟಾಕಿ ಅನ್ನಲಿ. ಅವರ ಹೆಂಡ್ತಿ ನನ್ನ ಮಾರಿ ಮ್ಯಾಲೆ ಉಗುಳಲಿ. ನಾ ಇಲ್ಲಿಂದ ಏಳೂದಿಲ್ಲ.” ಹೇಳುತ್ತ ಹೇಳುತ್ತ ಅಳತೊಡಗಿದಳು. ಅತ್ತರೆ ಹೊಟ್ಟೆ ಬಿಗಿಯುತ್ತದೆ ಅಂತ ಡಾಕ್ಟರಮ್ಮ ಹೇಳಿದ್ದು ನೆನಪಾಗಿ, ಬಾಯಿಗೆ ಸೆರಗು ಒತ್ತಿಕೊಂಡು ಅಳು ತಡೆಯಲು ಒದ್ದಾಡಿದಳು. ಅವಳ ಪಕ್ಕ ನೆಲದ ಮೇಲೆ ಕೂತು ಅವಳ ಪಾದ ಹಿಡಿದುಕೊಂಡೆ.

ಮರುದಿನ ‘ಆಗಲಿ’ ಎಂದು ಹೇಳಲೆಂದೇ ಆಫೀಸಿಗೆ ಹೋದೆ. ತೌಕೆ ಪೆನಾಂಗ್‌ಗೆ ಹೋಗಿದ್ದರು, ಸೋಮವಾರವೇ ಬರುವುದು. ಇಡೀ ದಿನ ಅಣ್ಣ ಮತ್ತು ನಾನು ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತಿದ್ದೆವು. ಅವರು ಒಂದು ಸಲ ಸ್ಕ್ರೂಡ್ರೈವರ್ ಕೇಳಿದರು, ಕೊಟ್ಟೆ. ಅವರು ಮೊದಲೇ ಗೋದಾಮಿಗೆ ಹೋದವರ ಹಾಗೆ ತಮ್ಮ ಮೇಜಿನ ಕೆಳಗಿನ ಹಳೆಯ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. ಆ ಸದ್ದು ಕೇಳಲಾರದೆ ಏನೋ ನೆಪ ಹೇಳಿ ಹೊರಗೆ ಹೋಗಿ, ಲಾರಿಗಳು ನಿಲ್ಲುವ ಅಂಗಳದ ಬಿಸಿಲಲ್ಲಿ ನಿಂತೆ.

ಭಾನುವಾರ ಬೆಳಿಗ್ಗೆ ಹೆಂಡತಿ ಪೇಪರ್ ಓದುತ್ತಿದ್ದಳು. ಮಲಗಿ ಮಲಗಿ ಬೇಸತ್ತು, ಇಂಗ್ಲಿಷ್ ಪೇಪರಿನ ಒಂದಕ್ಷರವನ್ನೂ ಬಿಡದೆ ಓದುವುದು ಅವಳಿಗೆ ರೂಢಿಯಾಗಿತ್ತು.

“ರೀ, ಈ ವೈಟುಕೆ ಅಂದರ ಏನ್ರೀ? ಯಾವ ಹಾಳಿ ತಿರುವಿದರೂ ಅದ ಐತಿ. ಬ್ಯಾಂಕಿನವರಿಗೂ ಜನ ಬೇಕಂತ, ಹಡಗಿನವರಿಗೂ ಬೇಕಂತ.”

ಅನ್ನಕ್ಕೆ ಇಡುತ್ತ ಅಲ್ಲಿಂದಲೇ ಹೇಳಿದೆ. ಹಳೆಯ ಪ್ರೋಗ್ರಾಮುಗಳಲ್ಲಿ ವರ್ಷದ ಕೊನೆಯ ಎರಡು ಅಂಕಿ ಮಾತ್ರ ಇರುತ್ತದೆ. ಎರಡು ಸಾವಿರದ ಇಸವಿ ಬಂದಾಗ ಕಂಪ್ಯೂಟರು ಅದನ್ನು ಸಾವಿರದ ಒಂಬೈನೂರು ಅಂದುಕೊಳ್ಳುತ್ತದೆ. ಡಿಸೆಂಬರಿನಲ್ಲಿ ಹಡಗಿನಿಂದ ಇಳಿದ ಕಂಟೇನರನ್ನು ಜನವರಿಯಲ್ಲಿ ಒಯ್ದರೆ, ಬಂದರಿನಲ್ಲಿ ಅದು ಇದ್ದ ದಿನಗಳ ಲೆಕ್ಕ ನೂರು ವರ್ಷ ಹಿಂದಕ್ಕೆ ಹೋಗುತ್ತದೆ. ನಮ್ಮ ಆಫೀಸಿನ ಎಲ್ಲ ಪ್ರೋಗ್ರಾಮುಗಳೂ ಹಾಗೇ ಇವೆ. ಹಡಗು ಕಂಪನಿಗಳವರು, ಬ್ಯಾಂಕಿನವರು ನೀವು ತಯಾರಿದ್ದೀರಾ ಅಂತ ತೌಕೆಗೆ ಪತ್ರದ ಮೇಲೆ ಪತ್ರ ಬರೆಯುತ್ತಿದ್ದಾರೆ. ತೌಕೆ ಅವನ್ನು ಓದದೆ ನನ್ನ ಮೇಜಿನ ಮೇಲೆ ಎಸೆದು ಹೋಗುತ್ತಾರೆ.

“ಮತ್ತ ಇದನ್ನ ಮಾಡೂರು ನೀವ ಅಲ್ಲೇನ್ರೀ?”

“ಮಾಡಿದರೆ ನಾನೇ ಮಾಡಬೇಕು. ಆದರೆ ಅದು ಹುದ್ದೆ ಅಲ್ಲ. ಈ ವರ್ಷದ ಕೊನೆಗೆ ಮುಗಿದು ಹೋಗೋ ಕೆಲಸ. ಜನವರಿ ಆದ ಮೇಲೆ ಆ ಹೆಸರಿನವನನ್ನು ಯಾರು ಇಟ್ಟುಕೊಳ್ತಾರೆ?”

ಅವಳು ಬೆರಳು ಮಡಚಿ ತಿಂಗಳು ಎಣಿಸಿದಳು. “ಜೂನ್ ಕೊನಿಗೆ ಹೆರಿಗಿ. ಡಿಸೆಂಬರ್ ತನಕ ಅಂದರ ಕೂಸು ಅಂಬೆಗಾಲು ಇಡತೈತಿ.” ಪೇಪರ್ ಪಕ್ಕಕ್ಕಿಟ್ಟಳು. “ಸಾಕ್ರೀ ನಮಗ. ಮುಂದಿಂದು ಮುಂದ.”

ಕುಕ್ಕರಿನ ಮುಚ್ಚಳ ಕೈಯಲ್ಲೇ ಇತ್ತು. ಇಷ್ಟು ದಿನ ನಾನು ಗಟ್ಟಿಯಾದ ಹೆಸರಿಗಾಗಿ ಹುಡುಕುತ್ತಿದ್ದೆ, ಹತ್ತು ವರ್ಷ ನಿಲ್ಲುವಂಥದ್ದಕ್ಕೆ. ಸಾಯುವ ದಿನ ಮೊದಲೇ ಗೊತ್ತಿರುವ ಹೆಸರನ್ನು ಯಾರಾದರೂ ತಾವಾಗಿಯೇ ಇಟ್ಟುಕೊಳ್ಳುತ್ತಾರೆ ಎಂದು ನನಗೆ ಹೊಳೆದೇ ಇರಲಿಲ್ಲ.

ಸೋಮವಾರ ತೌಕೆಯ ಮುಂದೆ ನಿಂತು ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

“ಮ್ಯಾನೇಜರ್ ಬೇಡವಾ?”

“ಅದು ಬೇರೆಯವರದು, ಸರ್. ಇದು ಯಾರದೂ ಅಲ್ಲ.”

“ಈ ಬ್ಯಾಂಕಿನವರು ನನಗೆ ಪತ್ರ ಬರೆಯೋದು ನಿಲ್ಲಿಸ್ತಾರಾ?”

“ನಿಲ್ಲಿಸ್ತಾರೆ.”

“ಜನವರಿ ಆದ ಮೇಲೆ ನಾನು ನಿನ್ನನ್ನು ಇಟ್ಟುಕೊಳ್ಳಕ್ಕಾಗಲ್ಲ. ಆಗ ನನ್ನ ಹತ್ತಿರ ಬಂದು ಅಳಬಾರದು.”

“ಇಲ್ಲ ಸರ್.”

ಅವರು ಕನ್ನಡಕ ಮತ್ತೆ ಹಾಕಿಕೊಂಡು, “ಹಾಗಾದರೆ ಪ್ರಿಂಟರ್ ಯಾರು ನೋಡ್ತಾರೆ?” ಅಂದರು.

“ನಾನೇ ನೋಡ್ತೀನಿ.”

“ಸರಿ ಲಾ. ಬರಿ.”

ಕಾಕ್ ‘ವೈಟುಕೆ ಕೋಆರ್ಡಿನೇಟರ್’ ಎಂದು ಟೈಪ್ ಮಾಡಿದರು. ಹಡಗು ಕಂಪನಿಗಳ ಪತ್ರಗಳನ್ನು ಜೊತೆಗಿಟ್ಟರು. ಇನ್ನೊಂದು ಪತ್ರ ಬೇಕು ಅಂದರು: ಈ ಕೆಲಸ ಈಗಿರುವ ಸಿಬ್ಬಂದಿಯಿಂದ ಆಗುವುದಿಲ್ಲ ಅಂತ ವಿಭಾಗದ ಮ್ಯಾನೇಜರೇ ಬರೆದುಕೊಡಬೇಕು. ಅದನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ತಾವು ಬರೆದ ಪ್ರೋಗ್ರಾಮುಗಳನ್ನು ತಮ್ಮಿಂದ ತಿದ್ದಲಾಗದು ಅಂತ ಆ ಮನುಷ್ಯ ತಮ್ಮ ಸಹಿ ಹಾಕಿ ಹೇಳಬೇಕಿತ್ತು, ಅದೂ ಜನರನ್ನು ತೆಗೆಯುತ್ತಿದ್ದ ಕಾಲದಲ್ಲಿ. ಕಾಕ್ ಹೋಗಿ ಹೇಳಿದರು. ಅಣ್ಣ ಮಧ್ಯಾಹ್ನದ ಊಟಕ್ಕೂ ಏಳದೆ ಕೂತು ಬರೆದರು. ನಡುವೆ ಒಂದು ಸಲ ಪೆನ್ನು ಕೆಳಗಿಟ್ಟು ಕಿಟಕಿಯ ಕಡೆ ಬಹಳ ಹೊತ್ತು ನೋಡಿದರು. ಆಮೇಲೆ ಸಹಿ ಮಾಡಿ ನನ್ನ ಕೈಗೆ ಕೊಡದೆ ನೇರ ಕಾಕ್ ಮೇಜಿಗೆ ಒಯ್ದಿಟ್ಟರು. ಹಿಂದಿರುಗುವಾಗ ನನ್ನ ಕುರ್ಚಿಯ ಬಳಿ ನಿಂತು, “ಡಿಸೆಂಬರ್ ಆದ ಮೇಲೆ ಏನು ಮಾಡ್ತೀಯ ತಂಬಿ?” ಅಂದರು.

“ಗೊತ್ತಿಲ್ಲ ಅಣ್ಣ.”

ಅವರು ತಲೆಯಾಡಿಸಿ, ರಟ್ಟಿನ ಪೆಟ್ಟಿಗೆಯಿಂದ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ಮತ್ತೆ ಮೇಜಿನ ಕೆಳಗೆ ಜೋಡಿಸತೊಡಗಿದರು.

ಅರ್ಜಿ ಹೋಯಿತು. ಉತ್ತರ ಬರಲಿಲ್ಲ. ಮಾರ್ಚ್ ಶುರುವಾಗಿ, ಅರ್ಧವಾಗಿ, ಕೊನೆಗೆ ಬಂತು. ಕಾಕ್ ಇಲಾಖೆಗೆ ದಿನಾ ಫೋನ್ ಮಾಡುತ್ತಿದ್ದರು, ನೋಡುತ್ತಿದ್ದೇವೆ ಅಂತ ಅಲ್ಲಿಂದ ಉತ್ತರ. ಊರಿನಿಂದ ಅತ್ತೆ ಫೋನ್ ಮಾಡಿದಾಗಲೆಲ್ಲ ಎಲ್ಲ ಸರಿಯಿದೆ ಅನ್ನುತ್ತಿದ್ದೆವು. ಹೆಂಡತಿಯ ಬಟ್ಟೆಗಳನ್ನು ಸೂಟ್‌ಕೇಸಿಗೆ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದೆ. ಅವಳು ನೋಡಿಯೂ ನೋಡದವಳ ಹಾಗೆ ಇದ್ದಳು.

ಪಾಸ್ ಮುಗಿಯಲು ಕೆಲವೇ ದಿನ ಉಳಿದಿದ್ದಾಗ, ಒಂದು ಮಧ್ಯಾಹ್ನ ಪಕ್ಕದ ಮನೆಯವರು ಆಫೀಸಿಗೆ ಫೋನ್ ಮಾಡಿದರು. ಹೆಂಡತಿಗೆ ನೋವು ಶುರುವಾಗಿತ್ತು. ಅಣ್ಣ ತಮ್ಮ ಕಾರಿನ ಕೀಲಿ ಹಿಡಿದು ನನಗಿಂತ ಮುಂಚೆ ಮೆಟ್ಟಿಲಿಳಿದರು. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋದೆವು. ಪ್ರತಿ ಸಿಗ್ನಲ್ಲಿನಲ್ಲೂ ಅವಳು ನನ್ನ ಮಣಿಕಟ್ಟನ್ನು ಉಗುರಿನಿಂದ ಒತ್ತುತ್ತಿದ್ದಳು, ಕೂಗಲಿಲ್ಲ.

ಆಸ್ಪತ್ರೆಯ ಕೌಂಟರಿನಲ್ಲಿ ಪಾಸ್‌ಪೋರ್ಟ್ ಕೇಳಿದರು. ಗುಮಾಸ್ತೆ ಪಾಸಿನ ತಾರೀಖು ನೋಡಿ ತಲೆಯೆತ್ತಿದಳು. “ಇದು ಈ ವಾರ ಮುಗಿಯುತ್ತಲ್ಲ?” ಹೌದು ಅಂದೆ. “ಕೆಲಸ ಏನು ನಿಮ್ಮದು?” ಎಂದಳು. ಹಳೆಯ ಹೆಸರು ತಿರಸ್ಕಾರವಾಗಿತ್ತು, ಹೊಸದು ಇನ್ನೂ ಸಿಕ್ಕಿರಲಿಲ್ಲ. ಕೌಂಟರಿನ ಅಂಚು ಹಿಡಿದು ನಿಂತೇ ಇದ್ದೆ. ಹಿಂದೆ ಜನ ಸಾಲು ನಿಂತಿದ್ದರು. ಅಣ್ಣ ಪಕ್ಕದಿಂದ ಬಂದು ಮಲಯ ಭಾಷೆಯಲ್ಲಿ ಅವಳಿಗೆ ಏನೋ ಹೇಳಿ, ಮುಂಗಡವನ್ನೂ ಕಟ್ಟಿ, ನನ್ನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು.

ನೋವು ನಿಲ್ಲಲು ಡಾಕ್ಟರಮ್ಮ ಡ್ರಿಪ್ ಹಾಕಿದರು. “ಹೊಲಿಗೆ ಗಟ್ಟಿ ಉಂಟು. ನೋಡುವ,” ಅಂದರು. ಅವರ ಮುಖದಲ್ಲಿ ಏನಾದರೂ ಓದಬಹುದೇ ಅಂತ ನೋಡಿದೆ, ಏನೂ ಕಾಣಲಿಲ್ಲ. ಅದರ ಮುಂದಿನ ದಿನಗಳು ನನಗೆ ಈಗ ಬಿಡಿಬಿಡಿಯಾಗಿ ನೆನಪಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ, ಹನಿ ಹನಿ ಇಳಿಯುವ ಔಷಧಿ, ಅವಳ ತುಟಿಗೆ ಹತ್ತಿಯಲ್ಲಿ ಒತ್ತುತ್ತಿದ್ದ ನೀರು. ಕೈಮುಗಿಯಲು ಹೋದರೆ ಯಾವುದಕ್ಕಾಗಿ ಬೇಡಬೇಕು ಎಂದೇ ತಿಳಿಯುತ್ತಿರಲಿಲ್ಲ. ಪಾಸಿಗೋ, ಕೂಸಿಗೋ? ಎರಡನ್ನೂ ಒಟ್ಟಿಗೆ ಕೇಳಲು ಭಯವಾಗುತ್ತಿತ್ತು.

ಮಾರ್ಚ್ ಮೂವತ್ತರ ಮಧ್ಯಾಹ್ನ ಕಾಕ್ ವಾರ್ಡಿನ ಬಾಗಿಲಲ್ಲಿ ಕಾಣಿಸಿದರು. ಒಂದು ಕೈಯಲ್ಲಿ ಅಲ್ಲಿಯವರು ‘ತಪಾವ್’ ಎನ್ನುವ, ಹೋಟೆಲಿನಿಂದ ಕಟ್ಟಿಸಿ ತಂದ ಅನ್ನದ ಪೊಟ್ಟಣ, ಇನ್ನೊಂದರಲ್ಲಿ ಕಂದು ಬಣ್ಣದ ಲಕೋಟೆ. “ಮೊದಲು ಮಕಾನ್, ಆಮೇಲೆ ಇದು,” ಅಂದರು. ಊಟ ಮಾಡು ಅಂತ ಅವರ ಭಾಷೆಯಲ್ಲಿ. ನಾನು ಪೊಟ್ಟಣ ಮುಟ್ಟದೆ ಅವರ ಮುಖವನ್ನೇ ನೋಡಿದೆ. ಅವರಿಗೆ ತಡೆಯಲಾಗಲಿಲ್ಲ. “ಸಿಕ್ಕಿತು ಲಾ. ಒಂದು ವರ್ಷಕ್ಕೆ.” ನಾನು ಲಕೋಟೆ ಬಿಚ್ಚಿ ಆ ಸಾಲನ್ನು ಹುಡುಕಿದೆ. ಹೆಂಡತಿ ಕಣ್ಣು ಮುಚ್ಚಿಯೇ, “ಏನಂತ?” ಅಂದಳು. ಹೇಳಿದೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

ಕೂಸು ಜೂನಿನ ತನಕ ಕಾಯಲಿಲ್ಲ. ಮೇ ತಿಂಗಳಲ್ಲೇ ಹುಟ್ಟಿತು, ಹೆಣ್ಣು. ನನ್ನ ಎರಡು ಅಂಗೈ ಸೇರಿಸಿದಷ್ಟೂ ಇರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಬದುಕುತ್ತದೆ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಗಾಜಿನಾಚೆಯಿಂದ ಅದರ ಎದೆ ಏಳುವುದನ್ನು ನೋಡಿ ಕೆಲಸಕ್ಕೆ ಹೋಗುವುದು, ಸಂಜೆ ಮತ್ತೆ ಬಂದು ಅದನ್ನೇ ನೋಡುವುದು. ಜೂನ್ ಕೊನೆಯ ಹೊತ್ತಿಗೆ ಮನೆಗೆ ಕರೆತಂದೆವು.

ಇತ್ತ, ಆ ಹೆಸರು ಬಂದ ಮೇಲೆ ಆ ಕೆಲಸ ಮಾಡಲೇಬೇಕಾಯಿತು. ಬಾಯಿಮಾತಿಗೆ ಇಟ್ಟುಕೊಂಡ ಹೆಸರಲ್ಲ ಅಂತ ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು. ಅಣ್ಣ ಬರೆದ ಪ್ರೋಗ್ರಾಮುಗಳನ್ನು ಒಂದೊಂದಾಗಿ ಬಿಚ್ಚಿ, ತಾರೀಖು ಬರುವ ಪ್ರತಿ ಸಾಲನ್ನು ಇಬ್ಬರೂ ಕೂತು ತಿದ್ದಿದೆವು. ಮೊದಮೊದಲು ಅವರಿಗೆ ನನ್ನ ಪಕ್ಕ ಕೂರುವುದು ಹಿಂಸೆಯಾಗುತ್ತಿತ್ತು. ಆಮೇಲೆ, ಈ ಸಾಲು ಬರೆದಾಗ ಮಗಳು ಶಾಲೆಗೆ ಸೇರಿದ್ದಳು, ಇದನ್ನು ಬರೆದಾಗ ಗೋದಾಮಿಗೆ ಬೆಂಕಿ ಬಿದ್ದಿತ್ತು ಅಂತ ಹೇಳತೊಡಗಿದರು. ನನಗೆ ಮಾತ್ರ ಒಂದೊಂದು ಪ್ರೋಗ್ರಾಮು ಸರಿಯಾದಾಗಲೂ ಎದೆ ಭಾರವಾಗುತ್ತಿತ್ತು. ನನ್ನ ಕೈಯಿಂದಲೇ ನನ್ನ ಕೆಲಸ ಮುಗಿಯುತ್ತಿತ್ತು. ನಿಧಾನ ಮಾಡಲೂ ಆಗುತ್ತಿರಲಿಲ್ಲ. ಜನವರಿಯನ್ನು ಮುಂದೂಡಲು ಯಾರಿಂದಲೂ ಆಗುವುದಿಲ್ಲ.

ಹೊಸ ವರ್ಷದ ಮೊದಲ ಕೆಲಸದ ದಿನ ಎಲ್ಲ ಕಂಪ್ಯೂಟರುಗಳೂ ಎಂದಿನಂತೆ ಶುರುವಾದವು. ಡಿಸೆಂಬರಿನ ಕಂಟೇನರುಗಳ ಬಿಲ್ಲು ಸರಿಯಾಗಿ ಬಂತು. ಗುಮಾಸ್ತೆಯರು ಚಹಾ ಕುಡಿಯುತ್ತ ಕೆಲಸ ಮಾಡಿದರು. ತೌಕೆ ಬಂದು ನನ್ನ ಹಿಂದೆ ನಿಂತು ಪರದೆ ನೋಡಿದರು. “ಏನೂ ಆಗಲಿಲ್ಲವಲ್ಲ,” ಅಂದರು. “ಹಾಗಾದರೆ ಮೊದಲಿಂದಲೂ ಏನೂ ಇರಲಿಲ್ಲವೇನೋ?” ಅವರು ಚುಚ್ಚಲು ಹೇಳಿದ್ದಲ್ಲ, ನಿಜವಾಗಿ ಕೇಳಿದ್ದು. ಅಣ್ಣ ಹಿಂದಿನಿಂದ ಏನೋ ಹೇಳಲು ಬಾಯಿ ತೆರೆದರು. ನಾನು ಬೇಡ ಎಂದು ಕೈಸನ್ನೆ ಮಾಡಿದೆ.

ಪಾಸ್ ಇರುವ ತನಕ ತೌಕೆ ನನ್ನನ್ನು ತೆಗೆಯಲಿಲ್ಲ. ಮಾರ್ಚಿನಲ್ಲಿ ಅದು ಮುಗಿಯಿತು. ಕಾಕ್ ಇನ್ನೊಂದು ಹೆಸರು ಹುಡುಕೋಣ ಅಂದರು. ತೌಕೆ ಮಾತಿಗೆ ತಪ್ಪಲಿಲ್ಲ, ಆಗುವುದಿಲ್ಲ ಅಂದರು. ನನಗೂ ಕೇಳುವ ಶಕ್ತಿ ಉಳಿದಿರಲಿಲ್ಲ. ಅಣ್ಣನ ಹೆಂಡತಿ ಕೂಸಿಗೆ ಎರೆದು, ಕಾಡಿಗೆ ಹಚ್ಚಿ ಕಳಿಸಿದರು.

ಊರಿಗೆ ಬಂದ ಮೇಲಿನ ತಿಂಗಳುಗಳು ಅದಕ್ಕಿಂತ ಸುಲಭವಾಗಿರಲಿಲ್ಲ. ಬೆಂಗಳೂರಿನಲ್ಲಿ ಸಂದರ್ಶನಕ್ಕೆ ಹೋದ ಕಡೆಯೆಲ್ಲ ನನ್ನ ಕೊನೆಯ ಹುದ್ದೆ ನೋಡಿ ಹುಬ್ಬೇರಿಸುತ್ತಿದ್ದರು. “ವೈಟುಕೆ? ಅದು ಮುಗೀತಲ್ಲ ಸಾರ್?” ಎಂದ ಹುಡುಗನೊಬ್ಬ, ನನಗಿಂತ ಎಷ್ಟೋ ಚಿಕ್ಕವನು, ನನ್ನನ್ನು ಕನಿಕರದಿಂದ ನೋಡಿದ. ಬೇರೆ ಏನೇನು ಬರುತ್ತದೆ ಅಂತ ಹೇಳಲು ಶುರು ಮಾಡಿದರೆ ಅವನು ಗಡಿಯಾರ ನೋಡುತ್ತಿದ್ದ. ಮಳೆಗಾಲ ಪೂರ್ತಿ ಧಾರವಾಡದಲ್ಲಿ ಅತ್ತೆಯ ಮನೆಯಲ್ಲಿ ಕಳೆದೆ. ಸಂಜೆಯಾದರೆ ಯಾರೂ ಸಿಗದ ರಸ್ತೆ ಹುಡುಕಿಕೊಂಡು ವಾಕಿಂಗ್ ಹೋಗುತ್ತಿದ್ದೆ, ಏನು ಮಾಡಿಕೊಂಡಿದ್ದೀರಿ ಅಂತ ಕೇಳುತ್ತಾರೆ ಅಂತ.

ಕೊನೆಗೆ ಹುಬ್ಬಳ್ಳಿಯ ಒಂದು ಖಾಸಗಿ ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅರ್ಧದಷ್ಟು ಯಂತ್ರಗಳು ಕೆಟ್ಟು ಕೂತಿದ್ದವು. ಕಾಲೇಜಿನ ಹತ್ತಿರವೇ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆವು. ಆ ಮನೆಗೆ ಹೋದ ಮೊದಲ ವಾರವೇ ಕೂಸಿಗೆ ಕೆಮ್ಮು, ಜ್ವರ. ಮೊದಲಿನ ಭಯವೆಲ್ಲ ಒಟ್ಟಿಗೆ ಮೇಲೆ ಬಂದು, ಇಬ್ಬರೂ ಆಟೋ ಹಿಡಿದು ಮಕ್ಕಳ ಡಾಕ್ಟರ ಹತ್ತಿರ ಓಡಿದೆವು. ತಿಂಗಳು ತುಂಬುವ ಮೊದಲೇ ಹುಟ್ಟಿದ್ದು, ಪೆಟ್ಟಿಗೆಯಲ್ಲಿಟ್ಟಿದ್ದು, ಎಲ್ಲವನ್ನೂ ಹೆಂಡತಿ ಒಂದೇ ಉಸಿರಿಗೆ ಹೇಳಿದಳು. ವಯಸ್ಸಾದ ಆ ಡಾಕ್ಟರು ಎದೆಯ ಮೇಲೆ, ಬೆನ್ನಿನ ಮೇಲೆ ನಿಧಾನವಾಗಿ ಕೊಳವೆಯಿಟ್ಟು ಕೇಳಿದರು. ಕೂಸು ಆ ಕೊಳವೆಯನ್ನು ಎರಡೂ ಕೈಯಿಂದ ಹಿಡಿದು ಅವರ ಕಿವಿಯಿಂದ ಎಳೆದುಹಾಕಿತು.

“ಪುಪ್ಪುಸ ಗಟ್ಟಿ ಅದಾವ,” ಅಂದರು ಅವರು, ಕೊಳವೆ ಬಿಡಿಸಿಕೊಳ್ಳುತ್ತ. “ನೆಗಡಿ ಅಷ್ಟ. ಕರ್ಕೊಂಡು ಹೋಗ್ರಿ.”

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆವು. ಹೆಂಡತಿ ಕೂಸನ್ನು ನನ್ನ ತೋಳಿಗೆ ಕೊಟ್ಟು, ಆಟೋದ ಗಡಿಬಿಡಿಯಲ್ಲಿ ಕಿತ್ತುಹೋಗಿದ್ದ ತನ್ನ ಚಪ್ಪಲಿಯ ಬಾರು ಸರಿಮಾಡಿಕೊಳ್ಳತೊಡಗಿದಳು.